ಬಲಭುಜ ಎರಡು ಬೆರಳು ಕೆಳಗೆ

ಹಾಲಿನ ಪಾತ್ರೆಯ ಹಿಡಿ ಕೈಯಲ್ಲೇ ತಿರುಗಿತು. ಅರ್ಧ ಹಾಲು ಒಲೆಯ ಪಾಲಾಯಿತು. ಅವಳು ಒಲೆ ಆರಿಸಿ, ಒರೆಸಿ, "ಏ, ಇದನ್ನೊಂಚೂರು ಬಿಗಿ ಮಾಡಿಕೊಡು" ಎಂದು ಒಳಕೋಣೆಯ ಕಡೆಗೆ ಕೂಗಿದಳು. ಕೂಗಿದ ಮೇಲೆ ನೆನಪಾಯಿತು.

ಅಂತ್ಯಕ್ರಿಯೆ ಮುಗಿದು ಮೂರು ದಿನವಾಗಿತ್ತು. ನೆಂಟರ ಕೊನೆಯ ಚೀಲ ನಿನ್ನೆ ಸಂಜೆ ಮೆಟ್ಟಿಲಿಳಿದಿತ್ತು. ಇವತ್ತು ಬರೀ ಬೆಳಗು.

ಸ್ಕ್ರೂಡ್ರೈವರ್ ಗಂಡನ ಕೆಲಸದ ಕೋಣೆಯಲ್ಲಿತ್ತು. ಅವನು ಹೋದ ಮೇಲೆ ಅವಳು ಆ ಬಾಗಿಲು ತೆಗೆದಿರಲಿಲ್ಲ. ನೆಲದ ಮೇಲೆ ಮರದ ಹೊಟ್ಟು, ಹೊಟ್ಟಿನಲ್ಲಿ ಅವನ ಚಪ್ಪಲಿಯ ಗುರುತು. ದಾಟಿಕೊಂಡು ಹೋದಳು.

ಅವನು ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದ. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಒಂದಕ್ಕೆ ತಲೆಯೇ ಇಲ್ಲ, ತಂತಿ ಬಿಗಿಯುವ ಕಿವಿಗಳೆಲ್ಲ ಬಾಲದ ಕಡೆ. ಇನ್ನೊಂದು ನಡುವೆ ಮಡಚಿಕೊಳ್ಳುತ್ತದೆ; ಸೀಟಿನ ಕೆಳಗೆ ಇಟ್ಟುಕೊಳ್ಳಲಿ ಎಂದು ಒಬ್ಬ ಬಸ್ ಡ್ರೈವರಿಗೆ ಮಾಡಿದ್ದು. ಅಳತೆಗೆ ಅವನು ಟೇಪು ಹಿಡಿಯುತ್ತಿರಲಿಲ್ಲ. ಯಾರಿಗೆ ಮಾಡಬೇಕೋ ಅವರು ಕೆಲಸ ಮಾಡುವಲ್ಲಿಗೆ ಹೋಗಿ ಸುಮ್ಮನೆ ಕೂತು ನೋಡುತ್ತಿದ್ದ. ಹಲ್ಲಿನ ಡಾಕ್ಟರು ಬಗ್ಗುವ ಬಗೆ, ಡ್ರೈವರ್ ಮೊಣಕೈ ಇಡುವ ಬಗೆ. ಬಂದು ಹಾಳೆಯ ಮೇಲೆ ಒಂದು ಬೆನ್ನು, ಎರಡು ಭುಜ ಗೀಚಿ ಗೋಡೆಗೆ ಅಂಟಿಸುತ್ತಿದ್ದ.

"ನಂದು ಯಾವಾಗ?" ಎಂದು ಮದುವೆಯಾದ ವರ್ಷ ಕೇಳಿದ್ದಳು.

"ನಿನ್ನನ್ನ ಇನ್ನೂ ನೋಡ್ತಿದ್ದೀನಲ್ಲ."

ನಾಲ್ಕು ವರ್ಷ ನೋಡಿದ್ದ.

ಸ್ಕ್ರೂಡ್ರೈವರ್ ಸಿಕ್ಕಿತು. ತಿರುಗುವಾಗ ಮೂಲೆಯಲ್ಲಿ, ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದದ್ದು ಕಂಡಿತು.

*

ಅಂತ್ಯಕ್ರಿಯೆಯ ದಿನ ಹೆಣ ನಡುಮನೆಯಲ್ಲಿತ್ತು. ಗಾಡಿ ಬರುವುದು ತಡವಾಗಿ, ಬಂದವರಿಗೆ ಏನು ಮಾಡಬೇಕೆಂದು ತೋಚದೆ ಗೋಡೆಯ ಮೇಲಿನ ಗಿಟಾರುಗಳನ್ನು ನೋಡುತ್ತ ಕೂತಿದ್ದರು.

"ಅದು ಯಾವ ಮರ?" ಯಾರೋ ಕೇಳಿದರು.

"ಮರ ಎಲ್ಲಿ ಬಂತು, ಬಚ್ಚಲುಮನೆ ಬಾಗಿಲು" ಎಂದಳು ಅವನ ಅಕ್ಕ. ಅತ್ತು ಅತ್ತು ದನಿ ಒಡೆದಿತ್ತು. "ತಟ್ಟಿ ನೋಡಿದ್ನಂತೆ, ಸದ್ದು ಚೆನ್ನಾಗಿತ್ತಂತೆ. ಆರು ತಿಂಗಳು ಈ ಮನೇಲಿ ಸ್ನಾನಕ್ಕೆ ಪರದೆ. ನಾನು ಬಂದಾಗೆಲ್ಲ ಹಾಡು ಹೇಳ್ಕೊಂಡೇ ಸ್ನಾನ ಮಾಡ್ಬೇಕಿತ್ತು, ಒಳಗಿದ್ದೀನಿ ಅಂತ ಗೊತ್ತಾಗ್ಲಿ ಅಂತ."

ಒಂದಿಬ್ಬರು ನಕ್ಕು, ನಕ್ಕಿದ್ದಕ್ಕೆ ತಲೆ ತಗ್ಗಿಸಿದರು. ಅಕ್ಕ ತಾನೂ ನಕ್ಕಳು, ಮತ್ತೆ ಅತ್ತಳು.

ಬ್ಯಾಂಡಿನಲ್ಲಿ ನುಡಿಸುವ ಗೆಳೆಯ ಅವಳ ಪಕ್ಕ ಬಂದು ಕೂತ. "ಕೊನೇದು ಒಂದಿದೆ, ನೋಡಿದ್ರಾ? ಮೂರು ತಿಂಗಳಿಂದ ಯಾರನ್ನೂ ಹತ್ರ ಬಿಡ್ತಿರಲಿಲ್ಲ. ನಾನು ಬಟ್ಟೆ ಎತ್ತೋಕೆ ಹೋದ್ರೆ ಕೈ ಮೇಲೇ ಹೊಡೆದ. ನಿಮಗೇ ಇರ್ಬೇಕು ಅತ್ತಿಗೆ."

ಅವಳಿಗೆ ಬೆಳಗಿನಿಂದ ಯಾರು ಏನು ಹೇಳಿದರೂ ದೂರದ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ಈ ಮಾತು ಮಾತ್ರ ಒಳಗಿಳಿಯಿತು. ನಿಮಗೇ ಇರ್ಬೇಕು.

ಅಷ್ಟರಲ್ಲಿ ಬಾಗಿಲಲ್ಲಿ ಇಸ್ತ್ರಿ ಅಂಗಡಿಯ ತಾತ ನಿಂತಿದ್ದ. ಎರಡೂ ಅಂಗೈ ಮೇಲೆ ಮಡಚಿದ ನೀಲಿ ಅಂಗಿ. ಹೆಣಕ್ಕೆ ತೊಡಿಸಲೆಂದು ಅಕ್ಕ ಬೆಳಗ್ಗೆ ಕಳಿಸಿದ್ದು.

"ಬೆನ್ನಲ್ಲೊಂದು ಸುಕ್ಕು ಉಳಿದುಬಿಡ್ತು ತಾಯಿ. ಈಗ ತಗಡಿನ ಮೇಲೆ ತಿಕ್ಕೋದಲ್ವಾ. ಹಲಗೆ ಇದ್ದಿದ್ರೆ…" ಎಂದು ತಾತ ಅರ್ಧಕ್ಕೇ ನಿಲ್ಲಿಸಿದ. "ಹೋಗ್ಲಿ ಬಿಡಿ. ಬೆನ್ನು ಯಾರಿಗೂ ಕಾಣಲ್ಲ."

ಅಂಗಿ ಕೊಟ್ಟು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಬಲಭುಜ ಜೋತುಬಿದ್ದಿತ್ತು, ಈಗಲೂ ಇಸ್ತ್ರಿಪೆಟ್ಟಿಗೆ ಒತ್ತುತ್ತಿರುವವನ ಹಾಗೆ.

*

ಬೆಡ್‌ಶೀಟ್ ತೆಗೆದಳು.

ಬಣ್ಣ ಬಳಿದಿರಲಿಲ್ಲ. ಜೇನಿನ ಬಣ್ಣದ ಹಳೆಯ ಮರ, ಎಣ್ಣೆ ಹಚ್ಚಿದ್ದಷ್ಟೆ. ಅಂಚುಗಳೆಲ್ಲ ನೀರು ಕೊರೆದ ಕಲ್ಲಿನಂತೆ ನುಣುಪು. ತಂತಿ ಕಟ್ಟಿ ಮುಗಿಸಿದ್ದ. ಅವಳು ಸ್ಟೂಲಿನ ಮೇಲೆ ಕೂತು ಅದನ್ನು ತೊಡೆಗೇರಿಸಿಕೊಂಡಳು. ಅವನ ಗಿಟಾರುಗಳಿಗೆ ಒಂದು ಗುಣವಿತ್ತು: ಸರಿಯಾದವರ ಮಡಿಲಿಗೆ ಬಂದರೆ ಹಿಡಿದುಕೊಳ್ಳಬೇಕಾಗಿಯೇ ಇರಲಿಲ್ಲ, ತಾನಾಗಿ ಕೂರುತ್ತಿತ್ತು.

ಇದು ಜಾರಿತು.

ಮತ್ತೆ ಇಟ್ಟುಕೊಂಡಳು. ಮೊಣಕೈಗೆಂದು ಕೊರೆದ ತಗ್ಗು ಅವಳ ಮೊಣಕೈಗಿಂತ ಕೆಳಗಿತ್ತು. ಅವಳು ಬೆನ್ನು ಬಗ್ಗಿಸಿದಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಚಿಕ್ಕದಾದ ರವಿಕೆಯಲ್ಲಿ ತೋಳು ತೂರಿಸುವವರಂತೆ ಬಹಳ ಹೊತ್ತು ಪ್ರಯತ್ನಿಸಿದಳು. ಕೊನೆಗೆ ಬಲಭುಜವನ್ನು ಪೂರಾ ಇಳಿಬಿಟ್ಟಾಗ ಗಿಟಾರ್ ನೆಟ್ಟಗೆ ಕೂತಿತು. ಒಂದು ನಿಮಿಷಕ್ಕೆ ಭುಜ ನೋಯತೊಡಗಿತು.

ಆಗ ಮಚ್ಚೆ ಕಂಡಿತು. ತಂತಿಗಳ ಕೆಳಗೆ, ಮರದಲ್ಲಿ ಕಂದು ಬಣ್ಣದ ಸುಟ್ಟ ಗುರುತು. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ. ಇಸ್ತ್ರಿಪೆಟ್ಟಿಗೆಯ ತಳ. ಉಜ್ಜಿ ತೆಗೆಯಬಹುದಿತ್ತು. ಅವನು ಅದನ್ನು ನಟ್ಟನಡುವೆ ಬರುವಂತೆ ಉಳಿಸಿಕೊಂಡು, ಇಡೀ ಗಿಟಾರನ್ನು ಅದರ ಸುತ್ತ ಕೊಯ್ದಿದ್ದ.

ಗೋಡೆಯ ಮೇಲೆ ಕೊನೆಯ ಹಾಳೆ ಹುಡುಕಿದಳು. ಬಾಗಿದ ಒಂದು ಬೆನ್ನು. ಕೆಳಗೆ ಅವನ ಕೋಳಿಕಾಲಿನ ಅಕ್ಷರ: 'ಹಲಗೆ ಎರಡು ದಿನಕ್ಕೆ ಅಂತ ತಂದದ್ದು. ಕೇಳದೆ ಕೊಯ್ದೆ. ಮುಗಿಸಿ, ಕೊಟ್ಟು, ತಪ್ಪಾಯ್ತು ಅನ್ನಬೇಕು. ಬಲಭುಜ ಎರಡು ಬೆರಳು ಕೆಳಗೆ.'

ಮೂರು ತಿಂಗಳಿಂದ ಅವನು ಬಸ್ ಸ್ಟಾಪಿಗೆ ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದ. ಯಾಕೆ ಎಂದರೆ, ನಡೆದರೆ ಹೃದಯಕ್ಕೆ ಒಳ್ಳೆಯದಂತೆ ಎಂದಿದ್ದ. ಆ ಬಸ್ ಸ್ಟಾಪಿನಲ್ಲೇ ಮೂವತ್ತಾರನೇ ವಯಸ್ಸಿಗೆ ಹೃದಯ ನಿಂತಿತ್ತು.

ಯಾರಿಗೂ ಗೊತ್ತಿರಲಿಲ್ಲ. ಬೆಡ್‌ಶೀಟ್ ಮತ್ತೆ ಹೊದಿಸಿಬಿಟ್ಟರೆ ಯಾರೂ ಕೇಳುವಂತಿರಲಿಲ್ಲ. ಅವಳು ಗಿಟಾರ್ ಅಪ್ಪಿಕೊಂಡು, ಬಿಸಿಲು ಕಿಟಕಿಯಿಂದ ಮೇಜಿನವರೆಗೆ ಸರಿಯುವ ತನಕ ಕೂತಿದ್ದಳು. ನಂತರ ಎದ್ದಳು.

*

ಇಸ್ತ್ರಿ ಅಂಗಡಿಯಲ್ಲಿ ಎರಡು ಸ್ಟೂಲು, ನಡುವೆ ತಗಡು, ತಗಡಿನ ಮೇಲೆ ಕಂಬಳಿ. ತಾತ ಯಾರದೋ ಪ್ಯಾಂಟು ತಿಕ್ಕುತ್ತಿದ್ದ.

"ತಾತ, ನಿಮ್ಮ ಹಲಗೆ."

ತಾತ ಪೆಟ್ಟಿಗೆ ಎತ್ತಿಟ್ಟು ಕನ್ನಡಕ ಸರಿಮಾಡಿಕೊಂಡ. "ಇದೇನು ತಾಯಿ ಇದು?"

"ಅದೇ ಹಲಗೆ. ಕೇಳದೆ ಕೊಯ್ದುಬಿಟ್ಟಿದ್ದಾರೆ. ಆಮೇಲೆ ಮುಖ ತೋರ್ಸೋಕಾಗದೆ ಹಿಂದಿನ ರಸ್ತೆಯಿಂದ ಓಡಾಡ್ತಿದ್ರು."

"ಅಯ್ಯೋ, ಅದಕ್ಕಾ!" ತಾತನಿಗೆ ನಗುವೋ ಕೆಮ್ಮೋ ಬಂತು. "ನಾನು ಅವ್ರ ಅಂಗಿ ಗಿಂಗಿ ಸುಟ್ಟೆನೇನೋ, ಅದಕ್ಕೇ ಸಿಟ್ಟು ಮಾಡ್ಕೊಂಡಿದ್ದಾರೆ ಅಂತಿದ್ದೆ. ಮೂರು ತಿಂಗಳು ಅದೇ ಯೋಚನೆ."

ಗಿಟಾರನ್ನು ಮಗು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡ. ಅಂಗೈ ಮರದ ಮೇಲೆ ಜಾರುತ್ತ ಹೋಗಿ ಸುಟ್ಟ ಗುರುತಿನ ಮೇಲೆ ನಿಂತಿತು.

"ಇದು ನಾನು ಸುಟ್ಟಿದ್ದಲ್ಲ" ಎಂದ. "ನಮ್ಮನೆಯವಳು. ಅಂಗಡಿಗೆ ಬಂದ ಮೊದಲನೇ ದಿನ. ನನ್ ಜೊತೆ ಮಾತಾಡ್ತಾ ಪೆಟ್ಟಿಗೆ ಮರ್ತಳು. ಅವ್ರಿಗೆ ಹೇಳಿದ್ದೆ ಒಂದ್ಸಲ." ಗುರುತಿನಿಂದ ಕೈ ತೆಗೆದು, "ನಂಗೆ ಬಾರ್ಸೋಕೆಲ್ಲ ಬರಲ್ಲ ತಾಯಿ."

"ಅವ್ರಿಗೂ ಅಷ್ಟೇನೂ ಬರ್ತಿರಲಿಲ್ಲ. ಕೂತ್ಕೊಳ್ಳಿ."

ತಾತ ಕೂತ. ಗಿಟಾರ್ ಮಡಿಲಿಗೆ ಇಳಿದು ತಾನಾಗಿ ನಿಂತಿತು. ಜೋತುಬಿದ್ದ ತೋಳು ತಗ್ಗಿನಲ್ಲಿ ಹೋಗಿ ಕೂತಿತು.

"ಕರೆಂಟಿಗೆ ಹಾಕದೆ ಸದ್ದು ಹೊರಗೆ ಬರಲ್ಲ. ಗದ್ದ ಮರಕ್ಕೆ ಒತ್ತಿ ತಂತಿ ಮೀಟಿ. ನಿಮಗೊಬ್ಬರಿಗೇ ಕೇಳುತ್ತೆ."

ತಾತ ಬಗ್ಗಿ ಗದ್ದ ಒತ್ತಿದ. ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಎಳೆದು ಬಿಟ್ಟ. ಕಣ್ಣು ಅಗಲವಾಗಿ, ಮೆಲ್ಲಗೆ ಮುಚ್ಚಿಕೊಂಡಿತು.

ಅವಳು ನಿಂತಲ್ಲಿಗೆ ಏನೂ ಕೇಳಲಿಲ್ಲ. ತಂತಿ ನಡುಗುವುದು ಮಾತ್ರ ಕಾಣುತ್ತಿತ್ತು. ಅದು ನಿಲ್ಲುವ ಮುಂಚೆ ತಾತ ಮತ್ತೊಮ್ಮೆ ಮೀಟಿದ. ಅವಳು ತಿರುಗಿದಳು. ಮುಷ್ಟಿಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು, ಬೆಳಗಿನಿಂದ ಹಿಡಿದದ್ದು, ಬೆಚ್ಚಗಾಗಿತ್ತು.