ಪೆರೋಲಿಗೆ ನನ್ನ ಒಪ್ಪಿಗೆ

ನನ್ನ ಹಿರಿಮಗ ಅಂಬರೀಶನನ್ನು ಬದುವಿನ ಜಗಳದಲ್ಲಿ ಮಚ್ಚಿನಿಂದ ಕೊಚ್ಚಿದ ಗೋವಿಂದರಾಜು ಜೈಲು ಸೇರಿ ಒಂಬತ್ತು ವರ್ಷವಾಗಿತ್ತು. ಅವನು ಒಂದು ತಿಂಗಳ ಪೆರೋಲ್ ಕೇಳಿದ್ದಾನೆಂದು ಪೊಲೀಸ್ ಪೇದೆಯೊಬ್ಬ ಬೂದಿಗೆರೆ ಪಕ್ಕದ ನಮ್ಮೂರಿಗೆ ಬಂದ. ಸತ್ತವನ ಮನೆಯವರ ಅಭಿಪ್ರಾಯ ಬರೆದುಕೊಳ್ಳಬೇಕಂತೆ.

"ತಕರಾರಿದ್ರೆ ಹೇಳಮ್ಮಾ, ಹಂಗೇ ಬರ್ಕೋತೀನಿ."

"ಯಾವ ತಕರಾರೂ ಇಲ್ಲ ಕಣಪ್ಪಾ. ಬರ್ಲಿ," ಎಂದು ಹೆಬ್ಬೆಟ್ಟು ಒತ್ತಿದೆ.

ಎಂಥ ದೊಡ್ಡ ಮನಸ್ಸು ಎಂದು ಪೇದೆ ಕೈಮುಗಿದ. ದೊಡ್ಡ ಮನಸ್ಸಂತೆ! ಜೈಲಿನಲ್ಲಿ ಅವನಿಗೆ ಹೊತ್ತುಹೊತ್ತಿಗೆ ಊಟ, ಜೊತೆಗೆ ಅವನಂಥವರದೇ ಸಹವಾಸ. ಅದೂ ಒಂದು ಶಿಕ್ಷೆಯೇ? ಶಿಕ್ಷೆ ಎಂದರೆ ನಮ್ಮೂರು ಪಿಳ್ಳಣ್ಣನಿಗೆ ಕೊಟ್ಟದ್ದು. ನಾನು ಸೊಸೆಯಾಗಿ ಬಂದ ವರ್ಷ ಅವನು ಅಣ್ಣನನ್ನು ಕೊಂದದ್ದಕ್ಕೆ ಜೈಲುಶಿಕ್ಷೆ ಮುಗಿಸಿ ಬಂದಿದ್ದ. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಮದುವೆಯ ಪಂಕ್ತಿಯಲ್ಲಿ ಅವನು ಎಲೆ ಮುಂದೆ ಕೂತೊಡನೆ ಅಕ್ಕಪಕ್ಕದವರು ಎದ್ದರು, ಆಮೇಲೆ ಸಾಲಿಗೆ ಸಾಲೇ ಎದ್ದಿತು. ಹಾಗೆ ಮೂರು ಊಟ ಆಯಿತು. ನಾಲ್ಕನೆಯದಕ್ಕೆ ಮೊದಲೇ ಪಿಳ್ಳಣ್ಣ ಬಾವಿಯಲ್ಲಿ ತೇಲಿದ. ಗೋವಿಂದರಾಜುವಿಗೂ ನಾನು ಅದನ್ನೇ ಬಯಸಿದ್ದೆ.

ಪೆರೋಲ್ ಸಿಕ್ಕಿ ಬಂದ ವಾರದಲ್ಲೇ ಅವನು ಮುನಿರಾಮಯ್ಯನ ಗೃಹಪ್ರವೇಶದ ಊಟಕ್ಕೆ ಕೂತ. ನಾನು ಎದುರು ಸಾಲಿನಲ್ಲಿದ್ದೆ. ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದು ಕಾದೆ. ಪಾಯಸ ಬಂತು, ಅನ್ನ ಬಂತು. ಯಾರೂ ಏಳಲಿಲ್ಲ. ಅವನ ಎಡಕ್ಕೆ ಇದ್ದವರು ಊರಿಗೆ ಹೊಸದಾಗಿ ಬಂದ ಬಾಡಿಗೆದಾರರು, ಅವನು ಯಾರೆಂದೇ ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೆ ಅವನ ರಸ್ತೆ ಬದಿಯ ಜಮೀನಿನ ಮೇಲೆ ಕಣ್ಣು. "ಸೊರಗ್ಬಿಟ್ಟಿದ್ದೀಯಲ್ಲೋ ಗೋವಿಂದಾ," ಎಂದು ಒಬ್ಬ ಕರಗಿ ನೀರಾದ. ಇಂಥ ಊರನ್ನು ನಂಬಿ ಹೆಬ್ಬೆಟ್ಟು ಒತ್ತಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅಷ್ಟರಲ್ಲಿ ನನ್ನ ಕಿರಿಮಗ ಕೆಂಪರಾಜ್ ಬಂದು, ಬೇರೆ ಎಲೆಗಳು ಖಾಲಿಯಿದ್ದರೂ, ಗೋವಿಂದರಾಜುವಿನ ಬಲಕ್ಕೇ ಕೂತ. ಗೋವಿಂದರಾಜುವಿನ ಜಮೀನೂ ನಮ್ಮದೂ ಸೇರಿಸಿ ಕೊಟ್ಟರೆ ಮಾತ್ರ ಲೇಔಟಿನವರು ಕೊಳ್ಳುತ್ತಾರೆಂದು ಕೆಂಪರಾಜ್ ಎರಡು ದಿನದಿಂದ ಹೇಳುತ್ತಿದ್ದ. ಆ ಎರಡರ ನಡುವಿನ ಬದುವಿಗಾಗಿಯೇ ಅವನ ಅಣ್ಣ ಸತ್ತಿದ್ದ. ಉಣ್ಣುವುದನ್ನು ಬಿಟ್ಟು ಎದ್ದುನಿಂತೆ.

"ಕೂತ್ಕೊಳವ್ವಾ, ಜನ ನೋಡ್ತಾವ್ರೆ," ಅಂದ ಕೆಂಪರಾಜ್.

"ನೋಡ್ಲಿ ಅಂತಾನೇ ನಿಂತಿರೋದು ಕಣೋ. ನಿಮ್ಮಣ್ಣನ್ನ ಕೊಚ್ಚಿದ ಕೈ ಅದು. ಅದರ ಪಕ್ಕ ಕೂತು ಉಣ್ಣು, ಚೆನ್ನಾಗಿ ಉಣ್ಣು."

ಬಡಿಸುವವರು ನಿಂತಲ್ಲೇ ನಿಂತರು. ಬಾಡಿಗೆದಾರರು ಗೋವಿಂದರಾಜುವಿನ ಕೈ ನೋಡಿದರು. ಆಗಲೂ ಯಾರೂ ಏಳಲಿಲ್ಲ. ಗೋವಿಂದರಾಜುವೇ, ಎತ್ತಿದ ತುತ್ತನ್ನು ಎಲೆಗೆ ಬಿಟ್ಟು, ಕೈ ಕೂಡ ತೊಳೆಯದೆ ಹೊರಟುಹೋದ. ನನ್ನ ಮಗ ತಲೆ ಬಗ್ಗಿಸಿಕೊಂಡು ಅನ್ನ ಕಲಸಿದ.

ನಾಳೆ ಗೋವಿಂದರಾಜುವಿಗೆ ಯಾರ ಮನೆಯಲ್ಲಿ ಊಟ ಎಂದು ಅಲ್ಲೇ ವಿಚಾರಿಸಿಕೊಂಡೆ. ಊರು ಏಳದಿದ್ದರೆ ಹಾಳಾಗಿ ಹೋಗಲಿ. ಅವನ ಎಲೆಯ ಎದುರಿಗೆ ನಾನೊಬ್ಬಳು ನಿಂತಿರುತ್ತೇನೆ.