ಮುಚ್ಚಳದ ಮೇಲಿನ ಹಸಿರು

ಸೀಸೆಯಲ್ಲಿದ್ದ ಯುರೋಪಿಯಂ ಪುಡಿ ಅತಿನೇರಳೆ ದೀಪದಡಿ ನಿಗಿನಿಗಿ ಕೆಂಡವಾಗಬೇಕಿತ್ತು. ಈಗ ಬೂದಿ ಮುಚ್ಚಿದ ಕೆಂಡ. ನಾಳೆ ಮೇಷ್ಟ್ರ ಎದುರು ತಾನು ತಯಾರಿಸಿದ ಈ ಪುಡಿ ಹೊಳೆಯದಿದ್ದರೆ ಈ ಪ್ರಯೋಗಾಲಯದಲ್ಲಿ ತನ್ನ ಮೇಜು ಇನ್ನೊಬ್ಬರ ಪಾಲು ಎಂಬುದು ಸಂಶೋಧಕಿಯರಲ್ಲಿ ಕಿರಿಯವಳಿಗೆ ಗೊತ್ತಿತ್ತು.

ಪುಡಿಯನ್ನು ತೂಗಿದಳು. ತೂಕ ಚೂರು ಏರಿತ್ತು. ಕದ್ದಿದ್ದರೆ ಇಳಿಯಬೇಕು, ಏರಿದೆಯೆಂದರೆ ಯಾರೋ ಏನೋ ಬೆರೆಸಿದ್ದಾರೆ. ಯಾರೋ ಏನು ಬಂತು, ಪಕ್ಕದ ಮೇಜಿನ ಹಿರಿಯವಳು, ಇವಳು ಅಕ್ಕ ಎಂದು ಕರೆಯುವವಳೇ. ಕೈಹಿಡಿದು ಕೆಲಸ ಕಲಿಸಿದವಳು ಈಚೆಗೆ ಇವಳು ಬಂದೊಡನೆ ಮಾತು ನುಂಗುತ್ತಿದ್ದಳು.

ಟರ್ಬಿಯಂ ಪುಡಿ ಅದೇ ದೀಪದಡಿ ಹಸಿರಾಗಿ ಹೊಳೆಯುತ್ತದೆ. ಸಾದಾ ಬೆಳಕಿನಲ್ಲಿ ಅದರ ಸುಳಿವೂ ಸಿಗದು. ಗ್ಲೌಸ್ ತೊಟ್ಟು ಅದನ್ನು ಸೀಸೆಯ ಮುಚ್ಚಳಕ್ಕೆ ತೆಳ್ಳಗೆ ಸವರಿ ಮನೆಗೆ ಹೋದಳು. ಬೆಳಿಗ್ಗೆ ಬಂದವಳೇ, ದಿನವೂ ಮಾಡುವಂತೆ, ಬರಿಗೈಯಲ್ಲೇ ಮುಚ್ಚಳ ತಿರುಗಿಸಿ ಒಳಗೆ ಇಣುಕಿದಳು.

ಮೇಷ್ಟ್ರು ಬಂದಾಗ ಹೇಳಿದಳು: "ಸರ್, ಅಕ್ಕನ ಕೈ ಒಂದ್ಸಲ ದೀಪದ ಕೆಳಗೆ ಇಡಿಸಿ."

"ಯಾಕೆ, ಭವಿಷ್ಯ ಹೇಳ್ತೀಯೇನೇ?" ಅಕ್ಕ ಎರಡೂ ಅಂಗೈ ಚಾಚಿದಳು. ಹಸಿರಿನ ಕುರುಹೂ ಇರಲಿಲ್ಲ.

"ಮುಚ್ಚಳಕ್ಕೆ ಟರ್ಬಿಯಂ ಸವರಿದ್ದೆ, ಸರ್. ಗ್ಲೌಸ್ ಹಾಕ್ಕೊಂಡಿರ್ತಾರೆ."

"ಸರಿ, ಈಗ ನಿನ್ನ ಕೈ ಇಡು," ಎಂದರು ಮೇಷ್ಟ್ರು.

ಕಿರಿಯವಳ ಬೆರಳುಗಳು ಎಳೆ ಚಿಗುರಿನಂತೆ ಹಸಿರಾದವು. ನೋಡಲು ಬಗ್ಗಿದಾಗ, ಬೆರಳು ತಾಗಿದ್ದ ಗದ್ದವೂ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ," ಎಂದಳು ಅಕ್ಕ. "ನೀನು ಗದ್ದಾನೂ ಬಿಟ್ಟಿಲ್ವಲ್ಲೇ."

"ದಿನಾ ತೆಗೀತೀಯಾ ಇದನ್ನ?" ಮೇಷ್ಟ್ರು ಕೇಳಿದರು.

"ಯಾರಾದ್ರೂ ಮುಟ್ಟಿದಾರಾ ಅಂತ ನೋಡೋಕೆ, ಸರ್."

"ತೆಗೆದಾಗೆಲ್ಲ ಗಾಳಿಯ ತೇವ ಒಳಗೆ ಹೋಗುತ್ತೆ. ಸುತ್ತಲಿನ ಅಣು ಬೆಳಕು ಹಿಡಿದು ಯುರೋಪಿಯಂ ಕೈಗೆ ಕೊಡುತ್ತೆ. ಮಗ್ಗುಲಲ್ಲಿ ನೀರು ಬಂದು ಕೂತ್ರೆ ಆ ಬೆಳಕನ್ನೇ ನುಂಗಿಬಿಡುತ್ತೆ. ತೂಕ ಏರಿದ್ದೂ ಆ ನೀರಿಂದಲೇ." ಅವರು ಸೀಸೆಯನ್ನು ಅಕ್ಕನಿಗೆ ಕೊಟ್ಟರು. "ನೀನು ಒಣಗಿಸು. ಹೊಳಪು ಬಂದ್ರೆ ಇವಳ ಮೇಜು ಇವಳಿಗೆ. ಅಲ್ಲೀವರೆಗೆ ಇವಳು ಇದನ್ನ ಮುಟ್ಟಕೂಡದು."

ಆ ವಾರವೆಲ್ಲ ಕಿರಿಯವಳು ಗಾಜಿನ ಬಾಗಿಲಾಚೆಯಿಂದ ಅಕ್ಕನ ಬೆರಳುಗಳನ್ನೇ ಕಾದಳು. ಕೊನೆಗೆ ದೀಪ ಹೊತ್ತಿದಾಗ ಪುಡಿ ಕೆಂಡವಾಗಿ ಉರಿಯಿತು. ಮೇಜು ಉಳಿಯಿತು.

"ತಪ್ಪಾಯ್ತಕ್ಕ," ಎಂದಳು. ಮನಸಾರೆಯೇ ಎಂದಳು.

"ಹೋಗಲಿ ಬಿಡೇ," ಎಂದು ಅಕ್ಕ ಕೈ ತೊಳೆಯಲು ಆಚೆ ತಿರುಗಿದಳು.

ಕಿರಿಯವಳು ಸೀಸೆಯನ್ನು ಸದ್ದಿಲ್ಲದೆ ತಕ್ಕಡಿಯ ಮೇಲಿಟ್ಟಳು. ತೂಕ ಇಳಿದಿತ್ತು. ಇಳಿಯಲೇಬೇಕು, ನೀರು ಹೋಗಿದೆಯಲ್ಲ.

ನೀರಷ್ಟೇ ಹೋಗಿದೆಯೇ?

ಅವಳ ಕೈ ಮುಚ್ಚಳದತ್ತ ಸರಿಯಿತು.