ಅಕ್ಕನಿಗೊಂದು ಗೆಸ್ಟ್ ಹೌಸ್

ನನ್ನ ತಮ್ಮ ಮಲ್ಲಿಕಾರ್ಜುನ ಫೋನ್ ಮಾಡಿ, "ಅಕ್ಕ, ನಿಂಗೆ ತುಮಕೂರಲ್ಲಿ ಗೆಸ್ಟ್ ಹೌಸ್ ನೋಡ್ತಿದೀನಿ, ಯಾವ್ ಥರದ್ದು ಬೇಕು?" ಅಂತ ಕೇಳಿದಾಗಲೇ ನನಗೆ ಅವನ ಯೋಗ್ಯತೆ ಅರ್ಥವಾಗಬೇಕಿತ್ತು. ಅಮ್ಮ ಹೋದಮೇಲೆ ಹನ್ನೊಂದು ವರ್ಷದಿಂದ ಗೌರಿಹಬ್ಬಕ್ಕೆ ಒಂದು ರವಿಕೆ ಕಣ ಕಳಿಸದ ಮಹಾನುಭಾವ. ಕುಣಿಗಲ್ಲಿನ ಪ್ರೈಮರಿ ಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಾನು ರಿಟೈರಾದಾಗ ವಾಟ್ಸಾಪಿನಲ್ಲಿ ಒಂದು ಹೂಗುಚ್ಛದ ಚಿತ್ರ ಕಳಿಸಿದ್ದ, ಅದೂ ಯಾರೋ ಕಳಿಸಿದ್ದನ್ನು ಫಾರ್ವರ್ಡ್ ಮಾಡಿ. ಅಂಥವನಿಗೆ ಇದ್ದಕ್ಕಿದ್ದಂತೆ ನಾನು ಮಲಗುವ ಹಾಸಿಗೆಯ ಚಿಂತೆ ಹತ್ತಿತ್ತು.

ಕಾರಣ ಗುಟ್ಟೇನಲ್ಲ. ಗುಬ್ಬಿಯ ಆಚೆ ನಮ್ಮೂರಿನಲ್ಲಿ ಅಪ್ಪನ ಹೆಸರಿನಲ್ಲಿ ಒಂದು ಮನೆ, ಅದರ ಹಿಂದೆ ತೆಂಗಿನ ತೋಟ ಇದೆ. ಅರ್ಧ ನನ್ನ ಪಾಲು. ತೋಟವನ್ನು ಲೇಔಟ್ ಮಾಡುವವರಿಗೆ ಕೊಡಲು ಮಲ್ಲಿ ಮಾತಾಡಿಕೊಂಡಿದ್ದ. ಅದಕ್ಕೆ ನನ್ನ ಪಾಲು ನನಗೆ ಬೇಡ ಅಂತ ನಾನು ತುಮಕೂರಿನ ರಿಜಿಸ್ಟರ್ ಆಫೀಸಿನಲ್ಲಿ ಸೈನ್ ಹಾಕಿಕೊಡಬೇಕು. ಹಾಕುತ್ತೇನೆ ಅಂತ ಒಪ್ಪಿಯೂ ಇದ್ದೆ. ನನಗೂ ನನ್ನ ಯಜಮಾನರಿಗೂ ಪೆನ್ಷನ್ ಸಾಕು. ತೋಟ ಅವನೇ ತಿನ್ನಲಿ, ವರ್ಷಕ್ಕೆ ಎರಡು ಸಲ ಹೋಗಿ, ಕೂತು, ಉಂಡು ಬರಲು ತವರು ಅಂತ ಒಂದು ಬಾಗಿಲು ತೆರೆದಿದ್ದರೆ ಸಾಕು. ನನ್ನ ಆಸೆ ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ನನ್ನನ್ನು ತವರಿಗೆ ಕರೆಯಿರಿ ಅಂತ ಯಾವ ಹೆಣ್ಣುಮಗಳು ಅರ್ಜಿ ಹಾಕಿಕೊಳ್ಳುತ್ತಾಳೆ?

"ಗೆಸ್ಟ್ ಹೌಸ್ ಯಾಕ್ಲಾ? ಹೆಬ್ಬೂರ್ ಮೇಲೆ ಬಸ್ ಹತ್ತಿದ್ರೆ ಒಂದ್ ಗಂಟೆ ದಾರಿ," ಅಂದೆ.

"ಮಂಡಿ ನೋವಿಟ್ಕೊಂಡು ಬಸ್ಸಲ್ಲಿ ಯಾಕೆ ಕುಲುಕಾಡ್ತೀಯ? ಆಫೀಸಲ್ಲಿ ಸರ್ವರ್ ಕೈಕೊಟ್ರೆ ಎರಡ್ ದಿನಾನೂ ಆಗ್ಬೋದು. ಪಕ್ಕದಲ್ಲೇ ಒಳ್ಳೊಳ್ಳೆ ಹೋಟೆಲ್ ಇರೋ ಕಡೆ ರೂಮ್ ಮಾಡ್ತೀನಿ. ನೀನೇ ನೋಡಿ ಸೆಲೆಕ್ಟ್ ಮಾಡು."

ತುಮಕೂರಿನಿಂದ ನಮ್ಮ ತವರುಮನೆಗೆ ಮುಕ್ಕಾಲು ಗಂಟೆಯ ದಾರಿ. ಅದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಮನೆ ಮಗಳನ್ನು ಪಕ್ಕದೂರಿನ ಲಾಡ್ಜಿನಲ್ಲಿ ಇಳಿಸುವ ಸಂಪ್ರದಾಯ ನಮ್ಮ ವಂಶದಲ್ಲಿ ಈ ಪುಣ್ಯಾತ್ಮನಿಂದಲೇ ಶುರುವಾಗಬೇಕಿತ್ತು.

ನಾನೂ ಒಂದು ಉಪಾಯ ಮಾಡಿದೆ. ತೋರಿಸಿದ್ದನ್ನೆಲ್ಲ ಬೇಡ ಅನ್ನುವುದು. ಸುತ್ತಿ ಸುತ್ತಿ ಬೇಸತ್ತು ಕೊನೆಗಾದರೂ "ಹೋಗ್ಲಿ ಬಾ, ಮನೆಗೇ ಹೋಗೋಣ" ಅಂತಾನೆ. ಅಮ್ಮ ತೀರಿಕೊಂಡ ದಿನ ನನ್ನ ಸೆರಗು ಹಿಡಿದುಕೊಂಡು ಅತ್ತವನು. ಅಷ್ಟು ಅನ್ನಲಾರನೇ?

ಸೈನ್ ಹಾಕುವ ಹಿಂದಿನ ದಿನ ತುಮಕೂರಿಗೆ ಹೋದೆ, ಮಲ್ಲಿ ತನ್ನ ಕಾರಿನಲ್ಲಿ ರೂಮು ತೋರಿಸಲು ಹೊರಟ. ಮೊದಲನೆಯದು ಬಸ್ ಸ್ಟ್ಯಾಂಡ್ ಹತ್ತಿರ. ಕಾರಿನಿಂದ ಇಳಿಯುವ ಮೊದಲೇ ಮಲ್ಲಿ ಫೋನ್ ತೆಗೆದು ಓದಿದ. "ನಾಕು ಪಾಯಿಂಟ್ ಎರಡು ಸ್ಟಾರ್ ಅಕ್ಕ. ನಡ್ಕೊಂಡ್ ಹೋಗೋ ದೂರದಲ್ಲಿ ಹದಿನಾಕು ರೆಸ್ಟೋರೆಂಟು." ಸ್ಲೇಟಿನ ಮೇಲೆ ಸಾವಿರಾರು ಸ್ಟಾರ್ ಬರೆದವಳು ನಾನು. ಅಳುವ ಮಗುವಿಗೆ ಒಂದು, ತಂಟೆ ಮಾಡುವ ಮಗುವಿಗೆ ಎರಡು. ಸ್ಟಾರ್ ಹೇಗೆ ಬೀಳುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ರೂಮಿನ ಎದುರಿಗೇ ಮಿಲಿಟರಿ ಹೋಟೆಲು. ಕಿಟಕಿ ತೆಗೆದರೆ ಕಾಲುಸೂಪಿನ ವಾಸನೆ ಮಂಚದವರೆಗೂ ಬಂತು. ತಿನ್ನುವವರು ಸುಖವಾಗಿ ತಿನ್ನಲಿ, ನನ್ನದೇನೂ ತಕರಾರಿಲ್ಲ. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅಕ್ಕನಿಗೆ ಒಡಹುಟ್ಟಿದವನು ಹುಡುಕಿದ ಜಾಗ ಇದು.

"ನಾನಿಲ್ಲಿ ಪೂಜೆ ಮಾಡ್ಕೊಳ್ಳೋದು ಹೆಂಗೋ?"

"ಕಿಟಕಿ ಹಾಕ್ಕೊಂಡ್ರಾಯ್ತು ಬಿಡಕ್ಕ," ಅಂದ.

ಎರಡನೆಯದರ ಕೆಳಗೆ ತಟ್ಟೆ ಇಡ್ಲಿ ಹೋಟೆಲು. ತುಮಕೂರು ಸೀಮೆಯಲ್ಲಿ ಹುಟ್ಟಿದವಳಿಗೆ ತಟ್ಟೆ ಇಡ್ಲಿಯ ಆಸೆ ತೋರಿಸುವ ಬುದ್ಧಿವಂತ! ಆದರೂ ಎರಡು ತಿಂದೆ. ಮೆತ್ತಗಿದ್ದವು, ಚಟ್ನಿಯೂ ಚೆನ್ನಾಗಿತ್ತು. ಇಡ್ಲಿ ನನಗೇನು ಅನ್ಯಾಯ ಮಾಡಿತ್ತು? ತಿನ್ನುತ್ತಾ, "ಮನೇಲಿ ಸುಮನಾ ಇವತ್ತೇನು ಅಡಿಗೆ ಮಾಡಿದಾಳೋ," ಅಂತ ಮೆಲ್ಲಗೆ ತೇಲಿಬಿಟ್ಟೆ. ಸುಮನಾ ಅವನ ಹೆಂಡತಿ.

"ಇಲ್ಲೇ ಇಷ್ಟೊಂದ್ ಹೋಟೆಲ್ ಇರ್ಬೇಕಾದ್ರೆ ಅವ್ಳಿಗ್ಯಾಕೆ ತೊಂದ್ರೆ?" ಅಂದ.

ಲಿಫ್ಟ್ ಇಲ್ಲ ಅಂತ ನೆಪ ಹೇಳಿ ಅದನ್ನೂ ಬೇಡ ಅಂದೆ. ಅವನ ಮುಖ ಸ್ವಲ್ಪ ಬಾಡಿತು. ದೂರ ಹೋಗಿ, ನನಗೆ ಬೆನ್ನು ತಿರುಗಿಸಿ, ಯಾರಿಗೋ ಫೋನ್ ಮಾಡಿದ. ಮನೆಗೇ ಮಾಡಿರಬೇಕು, ಅಕ್ಕ ಬರುತ್ತಾಳೆ ಒಂದು ಪಾವು ಅಕ್ಕಿ ಜಾಸ್ತಿ ಹಾಕು ಅಂತ ಹೇಳುತ್ತಿರಬೇಕು ಅಂದುಕೊಂಡೆ. ನನ್ನ ಪೆದ್ದುತನಕ್ಕೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಫೋನ್ ಮುಗಿಸಿ ಅವನು ಕರೆದುಕೊಂಡು ಹೋದದ್ದು ಮೂರನೆಯದಕ್ಕೆ. ಬಿ.ಎಚ್. ರಸ್ತೆಯಲ್ಲಿ, ಲಿಫ್ಟು, ಎ.ಸಿ., ಕೂರುವ ಕಮೋಡು, ಕೆಳಗೆ ಫ್ಯಾಮಿಲಿ ರೆಸ್ಟೋರೆಂಟು, ಪಕ್ಕದಲ್ಲಿ ಒಂದು ಶುದ್ಧ ಸಸ್ಯಾಹಾರಿ, ಅದರ ಪಕ್ಕದಲ್ಲಿ ಐಸ್‌ಕ್ರೀಮಿನ ಅಂಗಡಿ. ನನ್ನ ಹತ್ತಿರ ನೆಪಗಳು ಮುಗಿದಿದ್ದವು. ಕೌಂಟರಿನಲ್ಲಿದ್ದ ಹೆಂಗಸು ಇಬ್ಬರ ಆಧಾರ್ ಕಾರ್ಡನ್ನೂ ನೋಡಿ, "ಇವರು ನಿಮಗೇನಾಗ್ಬೇಕು ಸಾರ್?" ಅಂತ ಕೇಳಿದಳು.

"ನಮ್ಮಕ್ಕ."

"ನಿಮ್ದು ಇಲ್ಲೇ ಗುಬ್ಬಿ ಹತ್ರ ಅಲ್ವಾ?"

ಮಲ್ಲಿ ಪರ್ಸು ತೆಗೆದು ಅಡ್ವಾನ್ಸ್ ದುಡ್ಡು ಎಣಿಸತೊಡಗಿದ. ಅವಳು ನನ್ನನ್ನೊಮ್ಮೆ ನೋಡಿ ಬೀಗದ ಕೈ ಕೊಟ್ಟಳು. ಆ ನೋಟಕ್ಕೆ ನಾನು ನೆಲ ನೋಡುತ್ತಾ ಲಿಫ್ಟ್ ಹತ್ತಿದೆ.

ಸಂಜೆ ಊಟಕ್ಕೆ ಕೂರಿಸಿ ಸೂಪು, ಗೋಬಿ, ರುಮಾಲಿ ರೊಟ್ಟಿ, ಪನ್ನೀರ್ ಬಟರ್ ಮಸಾಲ, ಎಲ್ಲ ತರಿಸಿದ. "ತಿನ್ನಕ್ಕ, ತಿನ್ನು," ಅಂತ ಉಪಚಾರ ಬೇರೆ. ಮೂಗಿಗೆ ತುಪ್ಪ ಸವರುವುದನ್ನು ಕೇಳಿದ್ದೆ. ಇವನು ಪನ್ನೀರ್ ಮಸಾಲೆಯನ್ನೇ ಸವರುತ್ತಿದ್ದ. "ಬೆಳಗ್ಗೆ ಏಳಕ್ಕೇ ಮನೆ ಬಿಟ್ಟು ಲಾಯರ್ ಹತ್ರ ಹೋಗಿ ಪತ್ರ ಈಸ್ಕೊತೀನಿ. ಹತ್ತಕ್ಕೆ ಇಲ್ಲಿಗೆ ಬರ್ತೀನಿ. ಹತ್ತೂವರೆಗೆ ಟೋಕನ್ನು. ನೀನು ಆರಾಮಾಗಿ ತಿಂಡಿ ತಿಂದು ರೆಡಿಯಾಗಿರು," ಅಂದು ಹೊರಟುಹೋದ. ಹೋಗಿದ್ದು ಎಲ್ಲಿಗೆ? ನನ್ನ ತವರಿಗೆ. ನಾನು ಹುಟ್ಟಿದ ಮನೆಯಲ್ಲಿ ಮಲಗಲು.

ಬೆಳಗ್ಗೆ ಎದ್ದು, ಸ್ನಾನ ಪೂಜೆ ಮುಗಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ಸೈನ್ ಹಾಕುವ ಮೊದಲು ಒಂದು ಸಲ ಹೊಸ್ತಿಲು ಮುಟ್ಟಿ ಬರೋಣ, ಕರೆಯದಿದ್ದರೆ ಕತ್ತೆಬಾಲ, ನಾನೇ ಹೋಗುತ್ತೇನೆ ಅಂದುಕೊಂಡೆ. ಗುಬ್ಬಿ ಬಸ್ ಹತ್ತಿ, ಅಲ್ಲಿಂದ ಆಟೋ ಮಾಡಿಕೊಂಡು ಎಂಟು ಗಂಟೆಗೆ ಮನೆ ಮುಂದೆ ಇಳಿದೆ. ಸುಮನಾ ಬಾಗಿಲಿಗೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿ ಚೊಂಬು ಕೆಳಗಿಟ್ಟಳು. ಬನ್ನಿ ಅನ್ನಲಿಲ್ಲ.

"ಏನು ಅತ್ತಿಗೆ, ದಾರಿ ತಪ್ಪಿ ಬಂದ್ರಾ?"

"ಯಾಕಮ್ಮ ಹಂಗಂತೀಯ?"

"ಇನ್ನೆಂಗನ್ಲಿ? ನೀವು ಬರ್ತೀರ ಅಂತ ಒಂದು ಮಂಕರಿ ಅವರೆಕಾಯಿ ಸುಲಿದು, ನೆನೆಹಾಕಿ, ಒಂದೊಂದೇ ಕಾಳು ಹಿಸುಕಿ ಇಟ್ಟಿದ್ದೆ. ಉಗುರು ನೋಡಿ, ಹೆಂಗಾಗವೆ. ಮಧ್ಯಾಹ್ನ ಫೋನ್ ಮಾಡವ್ರೆ, ಅಕ್ಕಂಗೆ ಮನೆ ಊಟ ಸೇರಲ್ವಂತೆ, ಒಳ್ಳೆ ಹೋಟೆಲ್ ಇರೋ ಕಡೆನೇ ರೂಮ್ ಬೇಕಂತೆ, ಆಗ್ಲೇ ಎರಡು ಲಾಡ್ಜ್ ಬೇಡ ಅಂದವ್ಳೆ ಅಂತ. ಹಬ್ಬಕ್ಕೆ ಕರೆದ್ರೂ ಬರಲ್ಲ, ಈಗ ತುಮಕೂರಿಗೆ ಬಂದ್ರೂ ಮನೆಗೆ ಬರಲ್ಲ. ನಾವೇನ್ ಅಷ್ಟು ಕೀಳಾ?"

"ಹಬ್ಬಕ್ಕೆ ಯಾರು ಕರೆದ್ರು ಸುಮನಾ?"

"ಇವ್ರು. ಪ್ರತಿ ವರ್ಷ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಹೇಳಿದ್ದು ಸುಳ್ಳು. ಆದರೆ ನಿನ್ನೆ ಇಡೀ ದಿನ ಮೂಗು ಮುರಿದು, ಇದು ಬೇಡ ಅದು ಬೇಡ ಅಂತ ಆ ಸುಳ್ಳಿಗೆ ಸಾಕ್ಷಿ ಒದಗಿಸಿದವಳು ನಾನು. ತಮ್ಮನನ್ನು ಆಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವನೇ ನನ್ನನ್ನು ಆಡಿಸಿದ್ದ. ಹನ್ನೊಂದು ವರ್ಷದಿಂದ ನನ್ನನ್ನು ಯಾರೂ ಕರೆದೇ ಇಲ್ಲ ಅಂತ ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು, ಸುಮನಾಳಿಗೂ ಬಂತು.

"ತೋಟ ಹೋದ್ರೆ ಹೋಗ್ಲಿ, ಮನೆ ಇರುತ್ತಲ್ಲ ಅಂತ ಒಪ್ಕೊಂಡೆ ಕಣಮ್ಮ," ಅಂದೆ.

"ಮನೆ ಎಲ್ಲಿರುತ್ತೆ? ಲೇಔಟಿನ ರಸ್ತೆ ಬರೋದೇ ಇದರ ಮೇಲಂತೆ. ಮನೆ ಸೇರ್ಸೇ ಪತ್ರ ಮಾಡ್ಸವ್ರೆ. ನಮ್ಗೆ ತುಮಕೂರಲ್ಲಿ ಫ್ಲಾಟಂತೆ. ನಂಗಿಷ್ಟ ಇಲ್ಲ ಅಂದ್ರೆ, ಅಕ್ಕನೇ ಒಪ್ಪವ್ಳೆ, ನಿಂದೇನು ಅಂದ್ರು."

ಅಷ್ಟೇ. ನಾವಿಬ್ಬರೂ ಎದುರುಬದುರು ಕೂತರೆ ತನ್ನ ವ್ಯವಹಾರ ಕೆಡುತ್ತದೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಎ.ಸಿ., ಅದಕ್ಕೇ ಲಿಫ್ಟು. ಯಾವ ಬಾಗಿಲಿಗಾಗಿ ನಾನು ಸೈನ್ ಹಾಕಲು ಹೊರಟಿದ್ದೆನೋ ಆ ಬಾಗಿಲನ್ನೇ ನನ್ನ ಕೈಯಿಂದ ಕೀಳಿಸಲು ಹೊರಟಿದ್ದ. ಥೂ ಅವನ ಜನ್ಮಕ್ಕೆ ಅನ್ನಿಸಿತು. ಅನ್ನಿಸಿದ್ದನ್ನು ಸುಮನಾಳ ಮುಂದೆ ಅಂದೂ ಬಿಟ್ಟೆ. ಅವಳು ಬೇಡ ಅನ್ನಲಿಲ್ಲ.

ಫ್ರಿಜ್ಜಿನಿಂದ ಹಿಸುಕಿದ ಕಾಳು ತೆಗೆದು ಒಲೆಗಿಟ್ಟಳು. ನಾನು ಕಾಯಿ ತುರಿದೆ. ಮುದ್ದೆ ಅವಳೇ ಕಟ್ಟಿದಳು. ಎರಡು ತುತ್ತು ನುಂಗುವಷ್ಟರಲ್ಲಿ ನನ್ನ ಫೋನ್ ಬಡಿದುಕೊಳ್ಳತೊಡಗಿತು. ಗಂಟೆ ಹತ್ತು ಆಗಿತ್ತು.

"ಎಲ್ಲಿ ಹೋದೆ ಅಕ್ಕ? ರೂಮ್ ಬೀಗ ಹಾಕೈತೆ! ಟೋಕನ್ ಟೈಮ್ ಆಯ್ತು!"

"ಊಟ ಮಾಡ್ತಿದೀನಿ ಕಣೋ."

"ಇಷ್ಟೊತ್ತಿಗೆ ಏನ್ ಊಟ? ಟೋಕನ್ ತಪ್ಪಿದ್ರೆ ಮತ್ತೆ ಒಂದ್ ವಾರ ಕಾಯ್ಬೇಕು."

"ತಪ್ಲಿ ಬುಡು. ನಾನ್ ಸೈನ್ ಹಾಕಲ್ಲ. ಇವತ್ತೂ ಹಾಕಲ್ಲ, ನಾಳೆನೂ ಹಾಕಲ್ಲ."

ಅವನು ದನಿಗೆ ಮತ್ತೆ ಬೆಣ್ಣೆ ಹಚ್ಚಿಕೊಂಡ. "ಕೋಪ ಮಾಡ್ಕೋಬೇಡ ಅಕ್ಕ, ಕೂತು ಮಾತಾಡೋಣ. ಯಾವ್ ಹೋಟೆಲಲ್ಲಿದೀಯ ಹೇಳು, ಅಲ್ಲಿಗೇ ಬರ್ತೀನಿ."

ಸುಮನಾ ಸಾರಿನ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ನಮ್ಮನೇಲಿದೀನಿ ಕಣೋ ಮಲ್ಲಿ," ಅಂದೆ. "ಬಾ, ಊಟಕ್ಕೆ."